ಕೈ ದಾಟಿ ಹೋದ ಕೃತಿ

ಸಂತೆಯಲ್ಲಿ ಅಕ್ಕಿ ಕೊಂಡವನು ಅದನ್ನು ಉಂಡರೂ ಸರಿ, ಲಾಭಕ್ಕೆ ಮಾರಿದರೂ ಸರಿ. ಬೆಳೆದವನನ್ನು ಕೇಳಬೇಕಾದ ಪ್ರಮೇಯವಿಲ್ಲ. ಸರಕು ಒಂದು ಕೈಗೆ, ಹಣ ಇನ್ನೊಂದು ಕೈಗೆ ಸೇರಿದ ಗಳಿಗೆಯಲ್ಲಿಯೇ ಇಬ್ಬರ ಋಣವೂ ಹರಿಯಿತು. ಈ ನ್ಯಾಯ ಸರಳವಾದದ್ದು; ಲೋಕದ ವ್ಯವಹಾರವೆಲ್ಲ ಇದರ ಮೇಲೆಯೇ ನಿಂತಿದೆ. ಆದರೆ ಕುಸುರಿ ಕೆತ್ತಿದ ಗಂಧದ ಪೆಟ್ಟಿಗೆ, ಕೈಮಗ್ಗದಲ್ಲಿ ನೆಯ್ದ ಸೀರೆ, ತಿಗುರಿಯ ಮೇಲೆ ತಿದ್ದಿ ತೆಗೆದ ಕುಡಿಕೆ ಇವುಗಳ ಮಟ್ಟಿಗೆ ಋಣ ಅಷ್ಟು ಸಲೀಸಾಗಿ ಹರಿಯುವುದಿಲ್ಲವೆಂದು ನನಗೆ ಬಹುಕಾಲದಿಂದ ತೋರಿದೆ. ಕೃತಿ ಕೈ ದಾಟಿ ಹೋದ ಮೇಲೂ ಮಾಡಿದವರ ಜೀವದ ಒಂದು ಎಳೆ ಅದಕ್ಕೆ ಅಂಟಿಕೊಂಡೇ ಇರುತ್ತದೆ.

ಹೀಗಿರುವಾಗ, ಒಬ್ಬ ಸಂಗ್ರಾಹಕ ಅಂಥ ಕೃತಿಯನ್ನು ಹತ್ತಾರು ವರ್ಷ ಮನೆಯಲ್ಲಿಟ್ಟುಕೊಂಡು, ಬಳಿಕ ಕೊಂಡ ಬೆಲೆಗಿಂತ ಹಲವು ಮಡಿ ಹೆಚ್ಚಿಗೆ ಮಾರಿದನೆಂದು ತಿಳಿದಾಗ ಮಾಡಿದವರ ಮನಸ್ಸಿಗೆ ಏನಾಗುತ್ತದೆ? ಅಸೂಯೆಯೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಮಾರಿದ್ದು ನೀವೇ ಅಲ್ಲವೇ, ಆಗಲೇ ಹೆಚ್ಚು ಕೇಳಬೇಡಿರೆಂದವರು ಯಾರು, ಎಂದು ತರ್ಕ ಹೂಡುವುದೂ ಸುಲಭವೇ. ಆದರೆ ಈ ನೋವನ್ನು ಸ್ವಲ್ಪ ಬಿಡಿಸಿ ನೋಡಿದರೆ ಅದರಲ್ಲಿ ಹಣದ ಲೆಕ್ಕವಲ್ಲದ ಬೇರೊಂದು ಲೆಕ್ಕವೂ ಸೇರಿರುವುದು ಕಾಣುತ್ತದೆ.

ಮೊದಲು ಹಣದ ಲೆಕ್ಕವನ್ನೇ ನೋಡೋಣ. ಈ ಜಗಳ ಬಹಿರಂಗವಾಗಿ ನಡೆದ ಪ್ರಸಂಗವೊಂದು ಕಲಾಲೋಕದಲ್ಲಿ ಪ್ರಸಿದ್ಧವಾಗಿದೆ. 1973ರ ಅಕ್ಟೋಬರ್ 18ರಂದು ನ್ಯೂಯಾರ್ಕಿನಲ್ಲಿ ರಾಬರ್ಟ್ ಸ್ಕಲ್ ಎಂಬ ಸಂಗ್ರಾಹಕ ತನ್ನಲ್ಲಿದ್ದ ಹಲವು ಚಿತ್ರಗಳನ್ನು ಹರಾಜಿಗಿಟ್ಟ. ಟ್ಯಾಕ್ಸಿಗಳ ವ್ಯವಹಾರದಲ್ಲಿ ಸಿರಿವಂತನಾದವನು ಆತ. ರಾಬರ್ಟ್ ರೌಷೆನ್‌ಬರ್ಗ್ 1958ರಲ್ಲಿ ರಚಿಸಿದ್ದ, ಸ್ಕಲ್ 900 ಡಾಲರಿಗೆ ಕೊಂಡಿದ್ದ ಒಂದು ಚಿತ್ರ ಅಂದು 85,000 ಡಾಲರಿಗೆ ಹೋಯಿತು. ಹರಾಜು ಮುಗಿದೊಡನೆ ಕಲಾವಿದ ಸಂಗ್ರಾಹಕನ ಎದುರಿಗೆ ನಿಂತು, ತಾನು ದುಡಿದದ್ದೆಲ್ಲ ಇವನ ಲಾಭಕ್ಕಾಯಿತೆಂದು ರೇಗಿದ. ಸ್ಕಲ್ ಕೊಟ್ಟ ಸಮಾಧಾನದ ತಾತ್ಪರ್ಯವಿಷ್ಟು: ಈ ಹರಾಜಿನಿಂದ ನಿನ್ನ ಚಿತ್ರಗಳ ಬೆಲೆಯೂ ಏರುತ್ತದೆ, ನನ್ನ ಕೆಲಸ ನಿನಗೂ ಸಂದಿದೆ.

ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಹೆಸರು ಮಾಡಿದ ಚಿತ್ರಕಾರನಿಗೆ ಹಳೆಯ ಕೃತಿಯ ಏರಿದ ಬೆಲೆ ಹೊಸ ಕೃತಿಗೂ ಮೆಟ್ಟಿಲಾಗುತ್ತದೆ. ಆದರೆ ಕಸಬುದಾರನ ಪಾಲಿಗೆ ಆ ಮೆಟ್ಟಿಲು ಎಲ್ಲಿದೆ? ಅವನ ಕೃತಿಯ ಮೇಲೆ ಸಾಮಾನ್ಯವಾಗಿ ಹೆಸರೇ ಇರುವುದಿಲ್ಲ. ಹಳೆಯ ಇಳಕಲ್ ಸೀರೆಯೊಂದು ಅಪರೂಪದ ವಸ್ತುವೆಂದು ನಗರದಲ್ಲಿ ದೊಡ್ಡ ಬೆಲೆಗೆ ಹೋದರೆ, ಅದರಿಂದ ಮಗ್ಗದ ಮುಂದೆ ಕುಳಿತ ನೇಕಾರನ ಮಜೂರಿ ಏರುವುದಿಲ್ಲ. ಬೆಲೆ ಅಂಗಡಿಯ ಗಾಜಿನ ಕಪಾಟಿನಲ್ಲಿಯೇ ಉಳಿಯುತ್ತದೆ.

ಈ ಅನ್ಯಾಯವನ್ನು ಕಾನೂನಿನ ಕಣ್ಣಿಗೆ ಮೊದಲು ತಂದವರು ಫ್ರಾನ್ಸಿನವರು. ಮಿಲೆ ಎಂಬ ಚಿತ್ರಕಾರ, ಹೊಲದ ನಡುವೆ ಸಂಜೆಯ ಪ್ರಾರ್ಥನೆಗೆ ತಲೆಬಾಗಿ ನಿಂತ ರೈತ ದಂಪತಿಗಳನ್ನು ಚಿತ್ರಿಸಿ 1,000 ಫ್ರಾಂಕಿಗೆ ಮಾರಿದ್ದ. ಅವನು 1875ರಲ್ಲಿ ತೀರಿಕೊಂಡ. 1889ರ ಹರಾಜಿನಲ್ಲಿ ಅದೇ ಚಿತ್ರಕ್ಕೆ 5,53,000 ಫ್ರಾಂಕು ಬಂತು. ಹಣವೆಲ್ಲ ಮಾರಿದವರಿಗೆ ಸೇರಿತು. ಕಲಾವಿದನ ಮನೆಯವರಿಗೆ ಅದರಲ್ಲಿ ಹಕ್ಕಿರಲಿಲ್ಲ. ಇಂಥ ಪ್ರಸಂಗಗಳು ಜನರ ಮನಸ್ಸನ್ನು ಕಲಕಿದುದರ ಫಲವಾಗಿ, ಕೃತಿ ಮರುಮಾರಾಟವಾದಾಗ ಕಲಾವಿದನಿಗೂ ಅವನ ವಾರಸುದಾರರಿಗೂ ಒಂದು ಪಾಲು ಸಲ್ಲಬೇಕೆಂಬ ಕಾನೂನು 1920ರಲ್ಲಿ ಅಲ್ಲಿ ಜಾರಿಗೆ ಬಂತು.

ಆಸ್ಟ್ರೇಲಿಯದ ಕತೆ ಇದಕ್ಕಿಂತ ಮನಕಲಕುವಂಥದು. ಅಲ್ಲಿಯ ಮರುಭೂಮಿಯ ಪಾಪುನ್ಯ ಎಂಬ ನೆಲೆಯಲ್ಲಿ ಮೂಲನಿವಾಸಿಗಳು 1971ರ ಸುಮಾರಿಗೆ, ತಮ್ಮ ಹಿರಿಯರು ಮರಳ ಮೇಲೆಯೂ ಮೈಮೇಲೆಯೂ ಬರೆಯುತ್ತಿದ್ದ ವಿನ್ಯಾಸಗಳನ್ನು ಹಲಗೆಗಳ ಮೇಲೆ ಬರೆಯತೊಡಗಿದರು. ಅವರಲ್ಲೊಬ್ಬನಾದ ಜಾನಿ ವಾರಂಗುಲ, ಮಳೆನೀರಿನ ಪುರಾಣಕ್ಕೆ ಸಂಬಂಧಿಸಿದ ಒಂದು ಚಿತ್ರವನ್ನು 1972ರಲ್ಲಿ ಬರೆದ. ಆಗ ಅದು ಸುಮಾರು 150 ಡಾಲರಿಗೆ ಹೋಯಿತು. 1997ರಲ್ಲಿ ಅದೇ ಹಲಗೆ 2,06,000 ಡಾಲರಿಗೂ, 2000ದಲ್ಲಿ 4,86,500 ಡಾಲರಿಗೂ ಹರಾಜಾಯಿತು. ಬರೆದವನು ಬಡವನಾಗಿ, ಮುದುಕನಾಗಿ ಇನ್ನೂ ಬದುಕಿದ್ದ. 2001ರಲ್ಲಿ ಕಣ್ಣು ಮುಚ್ಚಿದ. ಕೃತಿಕಾರರಿಗೆ ಮರುಮಾರಾಟದ ಬೆಲೆಯಲ್ಲಿ ನೂರಕ್ಕೆ ಐದು ಕೊಡಿಸುವ ಕಾನೂನು ಆ ದೇಶದಲ್ಲಿ ಆದದ್ದು 2009ರಲ್ಲಿ, ಜಾರಿಗೆ ಬಂದದ್ದು 2010ರ ಜೂನಿನಲ್ಲಿ.

ಇದಿಷ್ಟೂ ಹಣದ ಲೆಕ್ಕ. ನಾನು ಮೊದಲು ಹೇಳಿದ ಬೇರೊಂದು ಲೆಕ್ಕ ನನಗೆ ಸ್ಪಷ್ಟವಾದದ್ದು ನಮ್ಮ ಮಲೆನಾಡಿನಲ್ಲಿ. ಸಾಗರ ಸೊರಬಗಳ ಗುಡಿಗಾರರು ತಲೆತಲಾಂತರದಿಂದ ಗಂಧದ ಕೆತ್ತನೆಗೆ ಹೆಸರಾದವರು. ಕೆಲವು ವರ್ಷಗಳ ಹಿಂದೆ ಅವರಲ್ಲಿ ಹಿರಿಯರೊಬ್ಬರ ಜಗಲಿಯಲ್ಲಿ ಕುಳಿತಿದ್ದಾಗ ಈ ಮಾತು ಬಂತು. ಒಮ್ಮೆ ಅಪರಿಚಿತರೊಬ್ಬರು, ಮುಚ್ಚಳದ ತಿರುಗಣೆ ಸಡಿಲವಾದ ಗಂಧದ ಪೆಟ್ಟಿಗೆಯೊಂದನ್ನು ಅವರಲ್ಲಿಗೆ ದುರಸ್ತಿಗೆ ತಂದರಂತೆ. ತಾವು ಅದಕ್ಕೆ ತೆತ್ತ ಬೆಲೆಯನ್ನು ಹೆಮ್ಮೆಯಿಂದ ಹೇಳಿಕೊಂಡರಂತೆ. ಅದನ್ನು ಕೆತ್ತಿದವರು ತಮ್ಮೆದುರಿಗೇ ಕುಳಿತಿದ್ದಾರೆಂಬುದು ಅವರಿಗೆ ತಿಳಿಯದು.

“ನೀವು ಏನು ಮಾಡಿದಿರಿ?” ಎಂದು ಕೇಳಿದೆ.

“ಮೊದಲು ಮೂಲೆ ಮುಟ್ಟಿ ನೋಡಿದೆ ಮೇಷ್ಟ್ರೇ, ಬೆಸುಗೆ ಬಿಟ್ಟಿದೆಯೋ ಅಂತ. ಬಿಟ್ಟಿರಲಿಲ್ಲ. ಸಂತೋಷ ಆಯ್ತು. ಆಮೇಲೆ ಬೇಜಾರಾಯ್ತು.”

ಬೇಸರ ಬೆಲೆಯ ಕಾರಣಕ್ಕೋ ಎಂದು ವಿಚಾರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಮಗಳ ಮದುವೆಗೆ ಕೊಡಬೇಕು ಅಂತ ಕೇಳಿದ್ರು. ಮದುವೆ ಮನೆ ಅಂತ ಬರೀ ಕೂಲಿ ತಗೊಂಡಿದ್ದೆ. ಮಾರಿದ್ದಕ್ಕೆ ತಕರಾರಿಲ್ಲ, ಅವರಿಗೆ ಏನು ಕಷ್ಟ ಬಂದಿತ್ತೋ. ಒಂದು ಮಾತು ಹೇಳಿದ್ರೆ ನಾನೇನು ವಾಪಸು ಕೊಳ್ತಿದ್ನೇ? ಅಷ್ಟು ದುಡ್ಡು ನನ್ನ ಹತ್ತಿರ ಎಲ್ಲಿದೆ? ಆದ್ರೆ ಯಾರ ಮನೆಗೆ ಹೋಯ್ತು ಅಂತ ಗೊತ್ತಾಗ್ತಿತ್ತು.”

ಆ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ನಮ್ಮಲ್ಲಿದೆ. ಗಾದೆ ಏನೇ ಹೇಳಲಿ, ಕೊಟ್ಟ ಮಗಳ ಕ್ಷೇಮಸಮಾಚಾರಕ್ಕೆ ಕಾಯದ ತಾಯಿತಂದೆಯರನ್ನು ನಾನು ಕಂಡಿಲ್ಲ. ಕೃತಿಕಾರನ ಅಪೇಕ್ಷೆಯೂ ಈ ಬಗೆಯದು. ಮೇಲಾಗಿ, ಕೈಕೆಲಸದ ಮಾರಾಟದಲ್ಲಿ ಬರೆಯದ ಕರಾರೊಂದಿರುತ್ತದೆ. ಅಂಗಡಿಯವನಿಗೆ ಹೇಳುವ ಬೆಲೆಯೇ ಬೇರೆ, ಮೆಚ್ಚಿ ಮನೆಗೆ ಬಂದವರಿಗೆ ಹೇಳುವ ಬೆಲೆಯೇ ಬೇರೆ. ಎರಡರ ನಡುವಿನ ಅಂತರವನ್ನು ಕಸಬುದಾರ ವಿಶ್ವಾಸಕ್ಕೆಂದು ಬಿಟ್ಟಿರುತ್ತಾನೆ. ಸಂಗ್ರಾಹಕ ಮರಳಿ ಮಾರುವಾಗ ಆ ವಿಶ್ವಾಸವೂ ಲಾಭದ ಕಲಮಿಗೆ ಸೇರಿಹೋಗುತ್ತದೆ. ನೋವಿನ ಬೇರು ಇಲ್ಲಿದೆ.

ಇದಕ್ಕೆ ಇನ್ನೊಂದು ಮುಖವೂ ಉಂಟು. ಅದನ್ನು ಮರೆತರೆ ಸಂಗ್ರಾಹಕನಿಗೆ ಅನ್ಯಾಯವಾದೀತು. ಜಪಾನಿನ ಕ್ಯೋಟೊ ನಗರದ ದೈತೊಕುಜಿ ದೇವಾಲಯಕ್ಕೆ ಸೇರಿದ ಕೊಹೊಆನ್ ಎಂಬಲ್ಲಿ ಒಂದು ಚಹದ ಬಟ್ಟಲಿದೆ. ಅದು ಹದಿನಾರನೆಯ ಶತಮಾನದ ಕೊರಿಯದಲ್ಲಿ, ಬಡವರ ಮನೆಯ ಬಳಕೆಗೆಂದು ಯಾವನೋ ಕುಂಬಾರ ಮಾಡಿದ ಒರಟು ಬಟ್ಟಲೆಂದು ಜಪಾನಿನ ಕಲಾಚಿಂತಕ ಯಾನಗಿ ಸೊಯೆತ್ಸು ಬಣ್ಣಿಸಿದ್ದಾನೆ. ಸಮುದ್ರ ದಾಟಿ ಬಂದು, ಚಹಗೋಷ್ಠಿಯ ರಸಿಕರ ಕಣ್ಣಿಗೆ ಬಿದ್ದು, ಒಡೆಯನಿಂದ ಒಡೆಯನಿಗೆ ಸಾಗಿ, ಒಮ್ಮೆ 550 ಹೊನ್ನಿನ ನಾಣ್ಯಗಳಿಗೆ ಮಾರಾಟವಾಗಿ, ಈಗ ಅದು ಜಪಾನಿನ ರಾಷ್ಟ್ರೀಯ ನಿಧಿಗಳಲ್ಲಿ ಒಂದಾಗಿದೆ. ಆ ಬಟ್ಟಲಿಗೆ ‘ಕಿಜಾಯೆಮೊನ್’ ಎಂದು ಹೆಸರು. ಅದು ಮಾಡಿದವನ ಹೆಸರಲ್ಲ. ಒಂದು ಕಾಲಕ್ಕೆ ಅದರ ಒಡೆಯನಾಗಿದ್ದ ಒಸಾಕದ ವರ್ತಕನ ಹೆಸರು! ಹೆಸರು ಹೋದರೂ ವಸ್ತು ಉಳಿಯಿತು. ಕೈಯಿಂದ ಕೈಗೆ ಮಾರಾಟವಾಗದೆ ಕುಂಬಾರನ ಊರಿನಲ್ಲಿಯೇ ಇದ್ದಿದ್ದರೆ ಅದು ಎಂದೋ ಒಡೆದು ತಿಪ್ಪೆ ಸೇರುತ್ತಿತ್ತು.

ನಾವಾದರೂ ಏನು ಮಾಡುತ್ತಿದ್ದೇವೆ? ಅಜ್ಜಿ ಕಣ್ಣು ಸೋಲುವವರೆಗೂ ಕುಳಿತು ಕಸೂತಿ ಹಾಕಿದ ಸೀರೆಯನ್ನು, ಬೀದಿಯಲ್ಲಿ ಕೂಗುತ್ತ ಬರುವ ಪಾತ್ರೆಯವಳಿಗೆ ಕೊಟ್ಟು ಸ್ಟೀಲಿನ ಡಬ್ಬಿಯೊಂದನ್ನು ಪಡೆದ ಮನೆಗಳು ನಮ್ಮಲ್ಲಿ ಕಡಮೆಯಲ್ಲ. ಜರತಾರಿ ಸೀರೆಯನ್ನು ಬೆಳ್ಳಿಯ ಆಸೆಗೆ ಸುಡಲು ಕೊಟ್ಟವರೂ ಉಂಟು. ಅದಕ್ಕೆ ಹೋಲಿಸಿದರೆ, ಜೋಪಾನವಾಗಿಟ್ಟು ಮಾರಿದ ಸಂಗ್ರಾಹಕನೇ ವಾಸಿಯೆನ್ನಬೇಕು. ಮರುಮಾರಾಟವೆಂಬುದೇ ಪಾಪವಲ್ಲ. ಎಷ್ಟೋ ವೇಳೆ ಅದು ಕೃತಿಯ ಆಯುಷ್ಯವನ್ನು ಬೆಳೆಸುತ್ತದೆ.

ಹಾಗಾದರೆ ಆ ಕೊರಿಯದ ಕುಂಬಾರನಂತೆ ನಮ್ಮ ಕಸಬುದಾರರೂ ಅಜ್ಞಾತರಾಗಿಯೇ ತೃಪ್ತರಾಗಬೇಕೆ? ಹಾಗೆಂದು ಉಪದೇಶಿಸುವ ರಸಿಕರಿದ್ದಾರೆ. ಅವರು ಹಮಾದ ಶೋಜಿಯ ಮಾತನ್ನು ನೆನೆಯುವುದುಂಟು. 1955ರಲ್ಲಿ ಜಪಾನು ‘ಜೀವಂತ ರಾಷ್ಟ್ರೀಯ ನಿಧಿ’ ಎಂದು ಗೌರವಿಸಿದ ಕುಂಬಾರ ಆತ. ತನ್ನ ಮಡಕೆಗಳಿಗೆ ಅವನು ಸಹಿ ಹಾಕುತ್ತಿರಲಿಲ್ಲ. ಏಕೆಂದು ಕೇಳಿದವರಿಗೆ, ಮುಂದೆ ನನ್ನ ಕೆಟ್ಟ ಮಡಕೆಗಳು ಬೇರೆಯವರವೆಂದೂ, ಬೇರೆಯವರ ಒಳ್ಳೆಯ ಮಡಕೆಗಳು ನನ್ನವೆಂದೂ ಜನ ತಿಳಿಯುತ್ತಾರೆ ಎಂದು ನಗೆಯಾಡಿದನಂತೆ. ಮಾತು ಸೊಗಸಾದದ್ದು. ಆದರೆ ಅದು ಹೆಸರು ಗಳಿಸಿದವನು ಹೆಸರನ್ನು ಬಿಟ್ಟ ಸೊಗಸು. ಹೆಸರು ಬೇಡವೆನ್ನುವ ಸ್ವಾತಂತ್ರ್ಯ ಮಾಡಿದವನದು. ಅದನ್ನು ಅಳಿಸುವ ಅಧಿಕಾರ ಕೊಂಡವನಿಗೆ ಬಂದದ್ದು ಎಲ್ಲಿಂದ?

ನಮ್ಮ ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1994ರ ತಿದ್ದುಪಡಿಯಿಂದ 53ಎ ಎಂಬ ಕಲಮು ಸೇರಿತು. ಅದರಂತೆ, ಮರುಮಾರಾಟದ ಬೆಲೆ 10,000 ರೂಪಾಯಿಗಳನ್ನು ಮೀರಿದರೆ ಕೃತಿಕಾರನಿಗೆ, ಅವನಿಲ್ಲದಿದ್ದರೆ ವಾರಸುದಾರರಿಗೆ, ಬೆಲೆಯಲ್ಲಿ ಪಾಲುಂಟು. ಆ ಪಾಲು ನೂರಕ್ಕೆ ಹತ್ತನ್ನು ಮೀರಕೂಡದು. ಸಂತೋಷದ ಸಂಗತಿ. ಆದರೆ ಯಾವ ಯಾವ ಕೃತಿಗಳಿಗೆ ಈ ಹಕ್ಕು? ವರ್ಣಚಿತ್ರ, ಶಿಲ್ಪ, ರೇಖಾಚಿತ್ರ. ಮತ್ತು ಸಾಹಿತ್ಯ, ನಾಟಕ, ಸಂಗೀತ ಕೃತಿಗಳ ಮೂಲ ಹಸ್ತಪ್ರತಿ. ಪಟ್ಟಿ ಅಲ್ಲಿಗೆ ಮುಗಿಯಿತು. ಕೆತ್ತನೆಯ ಪೆಟ್ಟಿಗೆಯನ್ನು ಶಿಲ್ಪವೆಂದು ವಾದಿಸಿ ಗೆಲ್ಲಬಹುದೇನೋ. ಬೀದರಿನ ಕೋಟೆಯ ಮಣ್ಣಿನಲ್ಲಿ ಕುದಿಸಿ ಕಪ್ಪೇರಿಸಿದ ಬಿದರಿ ಹೂಜಿಗೆ ಯಾವ ಹೆಸರು? ಇಳಕಲ್ ಸೀರೆಗೆ? ಮಣ್ಣಿನ ಕುಡಿಕೆಗೆ? ಸಾಲದೆಂಬಂತೆ, ಕೃತಿಕಾರನೇ ಹಕ್ಕಿನ ಮೊದಲ ಒಡೆಯನಾಗಿದ್ದರೆ ಮಾತ್ರ ಈ ಪಾಲು ಎಂಬ ನಿಬಂಧನೆಯೂ ಇದೆ. ಇನ್ನೊಬ್ಬರ ಕಾರ್ಖಾನೆಯಲ್ಲಿ ಸಂಬಳಕ್ಕೆ ದುಡಿಯುವ ಕಸಬುದಾರನನ್ನು ಅದು ಬಾಗಿಲ ಹೊರಗೇ ನಿಲ್ಲಿಸುತ್ತದೆ.

ಹೊರಗಿನ ಪಟ್ಟಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಯುರೋಪಿನ ಒಕ್ಕೂಟ 2001ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಚಿತ್ರ ಶಿಲ್ಪಗಳ ಜೊತೆಗೆ ಚಿತ್ರನೆಯ್ಗೆ, ಮಣ್ಣಿನ ಕೃತಿ, ಗಾಜಿನ ಕೃತಿಗಳ ಹೆಸರಿದೆ. ಆಸ್ಟ್ರೇಲಿಯದ ಕಾನೂನು ಬಾಟಿಕ್ಕನ್ನೂ ನೆಯ್ಗೆಯನ್ನೂ ಕೆತ್ತನೆಯನ್ನೂ ಹೆಸರಿಸಿ ಸೇರಿಸಿದೆ. ಊರೂರಿಗೆ ಒಂದೊಂದು ಕಸಬಿರುವ ನಮ್ಮ ದೇಶದ ಪಟ್ಟಿಯಲ್ಲಿಯೇ ಆ ಪದಗಳಿಲ್ಲ. ಕಲೆಯೆಂದರೆ ಗೋಡೆಗೆ ತೂಗುಹಾಕುವುದು, ಕಸಬೆಂದರೆ ಕೈಯಲ್ಲಿ ಹಿಡಿಯುವುದು ಎಂಬ ಭೇದ ನಮ್ಮ ಪೂರ್ವಿಕರದಲ್ಲ. ಬೇಲೂರಿನ ಮದನಿಕೆಯರನ್ನು ಕಡೆದವರು ತಮ್ಮನ್ನು ಈ ಎರಡರಲ್ಲಿ ಯಾವುದಕ್ಕೆ ಸೇರಿಸಿಕೊಳ್ಳುತ್ತಿದ್ದರು? ಅವರಲ್ಲಿ ಹಲವರು ವಿಗ್ರಹಗಳ ಬುಡದಲ್ಲಿ ತಮ್ಮ ಹೆಸರನ್ನೂ ಬಿರುದನ್ನೂ ಕೆತ್ತಿಟ್ಟಿದ್ದಾರೆಂಬುದನ್ನು ಮಾತ್ರ ಇಲ್ಲಿ ನೆನೆಯಬಹುದು.

ಪಟ್ಟಿಗೆ ನಾಲ್ಕು ಪದಗಳನ್ನು ಸೇರಿಸುವುದು ಸಂಸತ್ತಿನ ಕೆಲಸ. ಅದು ಆಗುವ ತನಕ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಕೈಕೆಲಸದ ವಸ್ತುವೊಂದನ್ನು ಕೊಂಡ ದಿನ ಮಾಡಿದವರ ಹೆಸರು, ಊರು, ವರ್ಷ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅದರೊಳಗಿಡಲು ಯಾವ ಕಾನೂನೂ ಬೇಕಿಲ್ಲ. ಮಾರುವ ದಿನ ಬಂದರೆ ಆ ಚೀಟಿಯೂ ಜೊತೆಯಲ್ಲಿ ಹೋಗಲಿ. ಇಂಥವರ ಮನೆ ಸೇರಿತೆಂದು ಮಾಡಿದವರಿಗೂ ಒಂದು ಕಾಗದ ಹೋಗಲಿ. ಲಾಭ ಬಂದಿದ್ದರೆ ಅದರಲ್ಲೊಂದು ಪಾಲು ಆ ಕಾಗದದ ಹಿಂದೆಯೇ ಹೋಗಲಿ. ಕೊಡುವವರಿಗೆ ಅದು ದೊಡ್ಡ ಮೊತ್ತವಾಗಲಾರದು. ಪಡೆಯುವವರಿಗೆ ಅದು ದಾನವಾಗಿಯೂ ತೋರದು, ಬಾಕಿ ನಿಂತಿದ್ದ ಕೂಲಿ ತಡವಾಗಿ ಬಂದಂತೆ ತೋರೀತು.