ಸಾಟಿಗೆ ಏನಿಡಬೇಕು?

ನಾನು ಪಟಾನ್‌ಚೆರುವಿನ ಒಂದು ಕಾರ್ಖಾನೆಯಲ್ಲಿ ಉಗ್ರಾಣದ ಗುಮಾಸ್ತ. ಕನ್ನಡ ಎಂ.ಎ. ಮಾಡಿದವನಿಗೆ ಈ ಕೆಲಸ ಹ್ಯಾಗೆ ಗಂಟುಬಿತ್ತು ಅಂತ ಕೇಳಬೇಡಿ. ಬೀದರ ಕಡೆಯಿಂದ ಹೈದರಾಬಾದಿನ ಬಸ್ಸು ಹತ್ತಿದವರಿಗೆ ಊರು ಮುಟ್ಟುವ ಮೊದಲೇ ಇದಿರಾಗುವ ಹೊಗೆಯ ಊರು ಇದು. ನಮ್ಮವರು ಬಹಳ ಮಂದಿ ಇಲ್ಲೇ ಇಳಿದುಬಿಟ್ಟಿದ್ದಾರೆ, ನಾನೂ ಇಳಿದೆ. ಯಾವ ಸಾಮಾನು ಎಷ್ಟು ದಿನ ಬಾಳುತ್ತದೆ, ಯಾವುದನ್ನು ಮೊದಲು ಹೊರಗೆ ಕೊಡಬೇಕು, ಇಲಿ ಯಾವ ಮೂಲೆಯಿಂದ ಬರುತ್ತದೆ ಎಂಬುದೇ 14 ವರ್ಷಗಳಿಂದ ನನ್ನ ಅಧ್ಯಯನ. ಬಳಗದ ಗೆಳೆಯರು "ಸಂಚಿಕೆಗೆ ಏನಾದ್ರೂ ಬರೆದುಕೊಡ್ರಿ, ಕವಿತೆ ಮಾತ್ರ ಬ್ಯಾಡ" ಅಂದರು. ಹಾಗಾದರೆ ನನಗೆ ತಿಳಿದದ್ದನ್ನೇ ಬರೆಯುತ್ತೇನೆ: ಹಣ ನಡೆಯದ ಕಾಲ ಬಂದರೆ ಕೊಟ್ಟು ತಗೊಳ್ಳಲಿಕ್ಕೆ ಮನೆಯಲ್ಲಿ ಏನಿಟ್ಟುಕೊಂಡಿರಬೇಕು?

ನಗಬೇಡಿ. ಅಂಥ ಕಾಲ ಕಾದಂಬರಿಯಲ್ಲಿ ಮಾತ್ರ ಬರುತ್ತದೆ ಅನ್ನುವವರು ತಮ್ಮ ಅಜ್ಜಿಯ ಗಂಟು ಬಿಚ್ಚಿ ನೋಡಲಿ. ನಮ್ಮ ಬೀದರ, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಅಲ್ಲಿ ನಿಜಾಮರ ಹಾಲಿ ಸಿಕ್ಕಾ ಒಂದು, ಬ್ರಿಟಿಷರ ಕಲ್ದಾರ ಒಂದು. ಹೆಚ್ಚುಕಡಿಮೆ 7 ಹಾಲಿ ರೂಪಾಯಿಗೆ 6 ಕಲ್ದಾರ. 1959ರಲ್ಲಿ ಹಾಲಿ ನಿಂತುಹೋಯಿತು. ಬೆಳ್ಳಿಯ ರೂಪಾಯಿ ಅಕ್ಕಸಾಲಿಗನ ಹತ್ತಿರ ಬೆಳ್ಳಿಯಾಗಿಯಾದರೂ ಹೋಗುತ್ತಿತ್ತು. ತಾಮ್ರದ ಪೈಗಳು ನಮ್ಮಜ್ಜಿಯ ಗಂಟಿನಲ್ಲೇ ಉಳಿದು, ನಾವು ಹುಡುಗರು ಅವನ್ನು ಅಂಗಡಿಯಾಟಕ್ಕೆ ಬಳಸಿದೆವು. 1923ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕು. ಅಷ್ಟು ದೂರ ಯಾಕೆ, 2016ರ ನವೆಂಬರ್ 8ರ ರಾತ್ರಿ 500 ಮತ್ತು 1000ದ ನೋಟು ರದ್ದಾದವಲ್ಲ, ದೇಶದಲ್ಲಿ ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ನೂರಕ್ಕೆ 86 ಪಾಲು ಅವೇ. ಮರುದಿನ ನನ್ನ ಜೇಬಿನಲ್ಲಿ 3500 ರೂಪಾಯಿ ಇತ್ತು, ಅದರಿಂದ ಒಂದು ಕಟ್ಟು ಕೊತ್ತಂಬರಿ ಬರಲಿಲ್ಲ.

ನಮ್ಮ ಕಡೆ ಅದಲುಬದಲಿಗೆ ಸಾಟಿ ಅನ್ನುತ್ತಾರೆ. ಎರಡು ಮನೆಗಳು ಹೆಣ್ಣು ಕೊಟ್ಟು ಹೆಣ್ಣು ತರುವುದು ಸಾಟಿ ಮದುವೆ. ಸಾಟಿ ಎಂದರೆ ಸಮ ಎಂದೂ ಅರ್ಥ. ಈ ಎರಡನೆಯ ಅರ್ಥವೇ ಕಷ್ಟದ್ದು, ಅದಕ್ಕೆ ಆಮೇಲೆ ಬರುತ್ತೇನೆ.

ನನಗೆ ಪಾಠ ಆದದ್ದು 2020ರಲ್ಲಿ. ಮಾರ್ಚ್ 25ರಿಂದ ಇಡೀ ದೇಶಕ್ಕೆ ಬೀಗ. ನಾನಿದ್ದದ್ದು 11 ಕೋಣೆಗಳ ಒಂದು ಲೈನುಮನೆ. ಬೀದರದವರು, ಒಡಿಶಾದವರು, ಬಿಹಾರದವರು. ಕಾರ್ಖಾನೆ ಮುಚ್ಚಿತು, ಸಂಬಳ ಯಾವಾಗ ಎಂದು ಯಾರಿಗೂ ತಿಳಿಯದು, ಇದ್ದಬದ್ದ ನೋಟನ್ನು ಯಾರೂ ಹೊರಗೆ ತೆಗೆಯರು. ಎರಡೇ ವಾರದಲ್ಲಿ ನಮ್ಮ ಲೈನಿನಲ್ಲಿ ಸಾಟಿ ಶುರುವಾಯಿತು. ತೆಲಂಗಾಣ ಸರ್ಕಾರ ಹೊರರಾಜ್ಯದ ಕಾರ್ಮಿಕರಿಗೆ ತಲಾ 12 ಕಿಲೋ ಅಕ್ಕಿ, 500 ರೂಪಾಯಿ ಕೊಟ್ಟಿತು. ಆ ಅಕ್ಕಿ ಜೀವ ಉಳಿಸಿತು, ನಿಜ. ಆದರೆ ಸಾಟಿಗೆ ಅದು ಕೆಲಸಕ್ಕೆ ಬರಲಿಲ್ಲ. ಯಾಕಂದ್ರೆ ಪ್ರತಿ ಕೋಣೆಯಲ್ಲೂ ಅಕ್ಕಿ ಇತ್ತು. ಬೆಲೆ ಬಂದದ್ದು ಎಣ್ಣೆಗೆ, ಖಾರದ ಪುಡಿಗೆ, ಉಳ್ಳಾಗಡ್ಡಿಗೆ, ಬೀಡಿಗೆ. ಒಂದು ಗಿರಣಿ ಚೀಲ ಅಕ್ಕಿ ಕೂಡಿಟ್ಟು ತಾನೇ ಸಾಹುಕಾರ ಅಂದುಕೊಂಡಿದ್ದ ಒಬ್ಬ ಗೆಳೆಯ ಎರಡು ಚಮಚೆ ಖಾರಕ್ಕೆ ಮೂರು ಬಾಗಿಲು ತಟ್ಟಿದ. ಆದ್ದರಿಂದ ಮೊದಲ ಮಾತು: ಸರ್ಕಾರವೋ ಸೀಮೆಯೋ ಎಲ್ಲರಿಗೂ ಕೊಡುವ ವಸ್ತು ಹೊಟ್ಟೆಗಿರಲಿ, ವ್ಯಾಪಾರಕ್ಕಲ್ಲ. ಅನ್ನದ ಪಕ್ಕದಲ್ಲಿ ಏನಿಲ್ಲವೋ ಅದನ್ನು ಇಡಬೇಕು.

ಅದೇ ಲೈನಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಉಂಡವನು ಹುಮನಾಬಾದ್ ಕಡೆಯ ಒಬ್ಬ ಹುಡುಗ. ಅವನ ಹತ್ತಿರ ಇದ್ದದ್ದು ಒಂದು ಕತ್ತರಿ, ಒಂದು ಬಾಚಣಿಗೆ. ಕ್ಷೌರದಂಗಡಿ ಮುಚ್ಚಿದ್ದವಲ್ಲ! ಒಂದು ತಲೆಗೆ ಎರಡು ತತ್ತಿ, ಅಥವಾ ಒಂದು ಗ್ಲಾಸು ಬೇಳೆ. ಕತ್ತರಿ ಖರ್ಚಾಗುವ ಮಾಲಲ್ಲ, ಹುಳ ಹಿಡಿಯುವ ಮಾಲೂ ಅಲ್ಲ. ನನ್ನ 14 ವರ್ಷದ ಉಗ್ರಾಣ ವಿದ್ಯೆ ಅವನ ಮುಂದೆ ಸಣ್ಣದಾಯಿತು.

ಗ್ಲಾಸು ಅಂದೆ. ಅದೂ ಮುಖ್ಯ. ನಮ್ಮಲ್ಲಿ ತಕ್ಕಡಿ ಇರಲಿಲ್ಲ. ಚಹದ ಗ್ಲಾಸೇ ಅಳತೆ. ಯಾರ ಗ್ಲಾಸು ದೊಡ್ಡದು, ಯಾರದು ಸಣ್ಣದು ಎಂಬುದಕ್ಕೆ ಎರಡು ಸಲ ಕೈಕೈ ಮಿಲಾಯಿಸುವ ತನಕ ಹೋಯಿತು. ನಮ್ಮ ಹಿರಿಯರು ಸೇರು, ಪಾವು, ಚಟಾಕು ಎಂದು ಅಳೆಯುವ ಪಾತ್ರೆಗಳನ್ನೇ ಮನೆಯಲ್ಲಿ ಜೋಪಾನ ಮಾಡುತ್ತಿದ್ದರು. ನಾವು ಅವನ್ನು ಗುಜರಿಗೆ ಹಾಕಿದೆವು. ಒಂದು ಸೇರು ಇರುವ ಮನೆಗೆ ಜನ ತಾವಾಗಿ ಬರುತ್ತಾರೆ.

ಇನ್ನು ವಸ್ತುವಿನ ಗುಣದ ವಿಚಾರ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿದ್ದ ಆರ್. ಎ. ರ‍್ಯಾಡ್‌ಫರ್ಡ್ ಎಂಬಾತ ಬಿಡುಗಡೆಯಾಗಿ ಬಂದು 1945ರಲ್ಲಿ ಒಂದು ಲೇಖನ ಬರೆದ. ಸೆರೆಶಿಬಿರದಲ್ಲಿ ರೆಡ್‌ಕ್ರಾಸಿನ ಪೊಟ್ಟಣಗಳು ಬರುತ್ತಿದ್ದವು, ಅದರೊಳಗಿನ ಸಿಗರೇಟೇ ಅಲ್ಲಿನ ನಾಣ್ಯವಾಯಿತು. ಸಣ್ಣದು, ಎಣಿಸಬಹುದು, ಎಲ್ಲ ಒಂದೇ ಥರ, ಕೆಡುವುದಿಲ್ಲ, ಬೇಡ ಅನ್ನುವವನೂ ಇನ್ನೊಬ್ಬನಿಗೆ ಬೇಕೆಂದು ತಗೊಳ್ಳುತ್ತಾನೆ. ಮಜವೆಂದರೆ ಒಳ್ಳೆಯ ಸಿಗರೇಟನ್ನು ಸೇದಿ, ಕೆಟ್ಟದ್ದನ್ನು ಚಲಾವಣೆಗೆ ಬಿಡುತ್ತಿದ್ದರು. ಪೊಟ್ಟಣ ಬರುವುದು ತಡವಾದರೆ ನಾಣ್ಯವೆಲ್ಲ ಹೊಗೆಯಾಗಿ ಹೋಗಿ, ಉಳಿದ ವಸ್ತುಗಳ ಬೆಲೆ ಇಳಿಯುತ್ತಿತ್ತು. ನಮ್ಮ ಲೈನಿನ ಬೀಡಿಯ ಕಥೆಯೂ ಥೇಟು ಇದೇ. ಆದರೂ ಬೀಡಿ, ದಾರು ಕೂಡಿಡಿರಿ ಅಂತ ನಾನು ಹೇಳಲಾರೆ. ಅದನ್ನು ಕೇಳಿಕೊಂಡು ಬರುವವನು ಹಗಲು ಸಾಟಿಗೆ ಬರುತ್ತಾನೆ, ಇಲ್ಲ ಅಂದರೆ ರಾತ್ರಿ ಬೀಗಕ್ಕೆ ಬರುತ್ತಾನೆ.

ಉಪ್ಪು ಎಲ್ಲಕ್ಕಿಂತ ಮೇಲು. ನಮ್ಮ ದಖ್ಖನ್ನಿನ ನೆಲಕ್ಕೆ ಉಪ್ಪು ಸಮುದ್ರದ ಕಡೆಯಿಂದಲೇ ಬರಬೇಕು. ಹಿಂದೆ ಲಮಾಣಿಗರು ಎತ್ತಿನ ಹಿಂಡುಗಳ ಮೇಲೆ ಹೇರಿ ತರುತ್ತಿದ್ದದ್ದು ಅದನ್ನೇ. ದಾರಿ ಕಡಿದರೆ ಮೊದಲು ಮುಗಿಯುವುದೂ ಅದೇ. ಉಪ್ಪಿಗೆ ಹುಳವಿಲ್ಲ, ವಯಸ್ಸಿಲ್ಲ. ತಗೊಳ್ಳುವವನು ನಾಲಿಗೆಗೆ ಹಚ್ಚಿ ಪರೀಕ್ಷೆ ಮಾಡಬಹುದು, ನಿಮ್ಮನ್ನು ನಂಬುವ ಅಗತ್ಯವಿಲ್ಲ. ಈ ಕೊನೆಯ ಗುಣ ದೊಡ್ಡದು. ಕಾಲ ಕೆಟ್ಟಾಗ ನಂಬಿಕೆಯೇ ಮೊದಲು ತುಟ್ಟಿಯಾಗುತ್ತದೆ. ಸಕ್ಕರೆಯೂ ಒಣ ಡಬ್ಬದಲ್ಲಿ ವರ್ಷಗಟ್ಟಲೆ ಇರುತ್ತದೆ; ಬೆಲ್ಲ ಮಳೆಗಾಲದಲ್ಲಿ ಬೆವರುತ್ತದೆ. ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ 6 ಸಣ್ಣ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಹಾಕಿದರೆ ವಾಂತಿಭೇದಿಯಾದ ಮಗುವಿಗೆ ಅದೇ ಔಷಧ. ಇದು ಗೊತ್ತಿದ್ದವನ ಹತ್ತಿರ ಸಕ್ಕರೆ ಇದ್ದರೆ ಅದರ ಬೆಲೆ ಬೇರೆ. ಸಾಬೂನು ಒಣಗಿದಷ್ಟೂ ಗಟ್ಟಿಯಾಗಿ ಹೆಚ್ಚು ದಿನ ಬರುತ್ತದೆ. ಸೂಜಿ, ದಾರ, ಬ್ಲೇಡು ಇವು ಒಂದು ತಂಬಿಗೆಯಲ್ಲಿ ಹಿಡಿಯುತ್ತವೆ. ಕಡ್ಡಿಪೆಟ್ಟಿಗೆ ತಂಪು ಹಿಡಿದರೆ ಮುಗೀತು, ಗಾಜಿನ ಬಾಟಲಿಯಲ್ಲಿಡಿ.

ಎಣ್ಣೆ ಮಾತ್ರ ಮೋಸಗಾರ. ಬೇಕೆನ್ನುವವರು ಬಹಳ, ಆದರೆ ವರ್ಷದೊಳಗೆ ಕಮಟು ವಾಸನೆ. ಹಿಟ್ಟಂತೂ ಇಡಲೇ ಬೇಡಿ. ಸಜ್ಜೆ ಹಿಟ್ಟು ಕೆಲವೇ ದಿನಕ್ಕೆ ಕಹಿ ಆಗುತ್ತದೆ. ಕಾಳಿನೊಳಗಿನ ಎಣ್ಣೆಯಂಶ ಬೀಸಿದ ಕೂಡಲೇ ಗಾಳಿಗೆ ಸಿಕ್ಕಿ ಕೆಡಲು ಶುರು. ಕಾಳಿಡಿ, ಬೇಕಾದಾಗ ಬೀಸಿರಿ. ಜೋಳವನ್ನು ಹಲ್ಲಿನಲ್ಲಿ ಕಡಿದರೆ ಕಟ್ ಅನ್ನಬೇಕು. ಮೆತ್ತಗಿದ್ದರೆ ಇನ್ನೂ ಎರಡು ದಿನ ಬಿಸಿಲಿಗೆ ಹಾಕಿ. ಇಡೀ ತೊಗರಿಗಿಂತ ಒಡೆದ ಬೇಳೆಗೆ ಹುಳದ ಕಾಟ ಕಡಿಮೆ.

ಬಂಗಾರ? ಎಲ್ಲರೂ ಕೇಳುವ ಪ್ರಶ್ನೆ. 1876-78ರ ಬರದಲ್ಲಿ ನಮ್ಮ ಜನ ಒಡವೆ, ಹಿತ್ತಾಳೆ ಪಾತ್ರೆ ಎಲ್ಲ ಸಂತೆಗೆ ತಂದರು. ಎಲ್ಲರೂ ಒಮ್ಮೆಗೇ ಮಾರಲು ತಂದ ವಸ್ತುವಿಗೆ ಬೆಲೆ ಎಲ್ಲಿಂದ ಬರಬೇಕು? ಮೇಲಾಗಿ ಒಂದು ಉಂಗುರವನ್ನು ಅರ್ಧ ಸೇರು ಜೋಳಕ್ಕೆ ತುಂಡು ಮಾಡಲಾಗದು, ಅದು ಅಪ್ಪಟವೋ ಅಲ್ಲವೋ ಬರಿಗಣ್ಣಿಗೆ ತಿಳಿಯದು. ಕಾಲ ಸರಿಹೋದ ಮೇಲೆ ಅದಕ್ಕೆ ಬೆಲೆ ಬಂದೇ ಬರುತ್ತದೆ. ಆದರೆ ಆಗ ಅದು ಬೇರೆಯವರ ಕೈಯಲ್ಲಿರುತ್ತದೆ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಬೀಗದ ಮೊದಲ ವಾರ, ಅಕ್ಕಿ ಇನ್ನೂ ಬಂದಿರಲಿಲ್ಲ. ಕೊನೆಯ ಕೋಣೆಯಲ್ಲಿದ್ದ ಗಾರೆ ಕೆಲಸದವನ ಹೆಂಡತಿ ಬೆಳ್ಳಿಯ ಕಾಲ್ಗೆಜ್ಜೆ ಹಿಡಿದು ಬಂದಳು. ಮಕ್ಕಳು ಎರಡು. ನನ್ನ ಡಬ್ಬದಲ್ಲಿ ಜೋಳದ ಹಿಟ್ಟಿತ್ತು, ಆಗಷ್ಟೇ ಬೀಸಿಸಿದ್ದು. ಆರು ಕಿಲೋ ಹಿಟ್ಟು, ಅರ್ಧ ಲೀಟರು ಎಣ್ಣೆ ಕೊಟ್ಟು ಗೆಜ್ಜೆ ಇಸಕೊಂಡೆ. ನನ್ನದು ಮುನ್ನೂರು ರೂಪಾಯಿ ಮಾಲು, ಅವಳದು ಎರಡು ಸಾವಿರಕ್ಕೆ ಕಡಿಮೆಯಲ್ಲ. "ಒತ್ತೆ ಇರಲಿ, ಆಮೇಲೆ ಬಿಡಿಸಿಕೊಳ್ಳಿ" ಅಂದೆ. ಅವಳು ಹೂಂ ಅಂದಳು. ಮತ್ತೇನು ಅಂದಾಳು? ನಾಲ್ಕನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಆ ಕೋಣೆ ಖಾಲಿ. ನಡೆದುಕೊಂಡು ಹೊರಟುಬಿಟ್ಟಿದ್ದರು, ಯಾವ ಊರಿಗೆ ಎಂದು ಮನೆಮಾಲಿಕನಿಗೂ ಗೊತ್ತಿರಲಿಲ್ಲ. ಗೆಜ್ಜೆ ನನ್ನ ಟ್ರಂಕಿನಲ್ಲೇ ಇದೆ. ಸಾಟಿ ಎಂದರೆ ಸಮ ಎಂಬ ಅರ್ಥ ಕಷ್ಟದ್ದು ಅಂದೆನಲ್ಲ, ಅದು ಇದಕ್ಕೆ. ಹಸಿದವನ ಜೊತೆ ಮಾಡುವ ವ್ಯಾಪಾರದಲ್ಲಿ ಬೆಲೆ ಕಟ್ಟುವುದು ವಸ್ತುವಲ್ಲ, ಹಸಿವು.

ಹಳ್ಳಿಯಲ್ಲಿ ಹಿಂದೆ ಎಲ್ಲ ಸಾಟಿಯಲ್ಲೇ ಚೆನ್ನಾಗಿ ನಡೆಯುತ್ತಿತ್ತು ಎಂದು ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಡಿಗ, ಕಮ್ಮಾರ, ಕುಂಬಾರ, ಮಾದಿಗ ವರ್ಷವಿಡೀ ದುಡಿದು ಸುಗ್ಗಿಯ ಕಣದಲ್ಲಿ ಆಯ ಎಂದು ಕಾಳು ಪಡೆಯುತ್ತಿದ್ದರು, ಸರಿ. ಆದರೆ ಅಳೆಯುವ ಕೈ ಯಾರದು? ಯಾರಿಗೆ ರಾಶಿಯಿಂದ, ಯಾರಿಗೆ ಕಣದ ಕಸಗಾಳಿನಿಂದ? ರಾಶಿ ಉಳ್ಳವನ ಅಂಗಳದಲ್ಲಿ ಹಗೇವು ಇರುತ್ತಿತ್ತು. ನೆಲದಲ್ಲಿ ತೋಡಿದ ಬಾವಿಯಂಥ ಕಣಜ, ಒಳಗೆ ಹುಲ್ಲಿನ ಹಾಸು, ಬಾಯಿಗೆ ಕಲ್ಲು, ಮೇಲೆ ಮಣ್ಣು. ಕಾಳೇ ಒಳಗಿನ ಆಮ್ಲಜನಕ ಎಳೆದುಕೊಂಡು ವಿಷಗಾಳಿ ತುಂಬುವುದರಿಂದ ಹುಳ ಬದುಕುವುದಿಲ್ಲ; ಜೋಳ ವರ್ಷಗಟ್ಟಲೆ ಉಳಿಯುತ್ತದೆ. ಅದೇ ಗಾಳಿಗೆ ಅವಸರದಿಂದ ಇಳಿದ ಆಳುಗಳೂ ಸತ್ತಿದ್ದಾರೆ. ಅದಕ್ಕೇ ಮೊದಲು ದೀಪ ಇಳಿಸಿ ನೋಡುತ್ತಿದ್ದರು. ಬರದಲ್ಲಿ ಆ ಕಾಳು ಸವಾಯಿಗೆ, ದೀಡಿಗೆ ಹೊರಬರುತ್ತಿತ್ತು. ಒಂದು ಚೀಲ ಒಯ್ದರೆ ಸುಗ್ಗಿಗೆ ಒಂದೂಕಾಲು, ಒಂದೂವರೆ. ಕೊಡಲಾಗದವನ ಹೊಲ ಹೋಗುತ್ತಿತ್ತು. ಹಗೇವಿಗೆ ಹಗೆ ಎಂದೂ ಅನ್ನುತ್ತಾರೆ. ವೈರ ಎಂಬರ್ಥದ ಹಗೆಗೂ ಇದಕ್ಕೂ ಬೇರು ಒಂದೇ ಎಂದು ನಾನು ಹೇಳುತ್ತಿಲ್ಲ, ಅದು ನಿಮ್ಮ ಭಾಷಾಶಾಸ್ತ್ರದ ಮೇಷ್ಟರ ಕೆಲಸ.

ಹಾಗಾದರೆ ಕೊಟ್ಟಷ್ಟೂ ಕೊಡುವವನಿಗೂ ನಷ್ಟವಿಲ್ಲದ, ತಗೊಂಡವನನ್ನೂ ಮುಳುಗಿಸದ ಮಾಲು ಯಾವುದಾದರೂ ಇದೆಯೆ? ನನಗೆ ಕಂಡದ್ದು ಎರಡು. ಒಂದು ಆ ಹುಡುಗನ ಕತ್ತರಿ. ಇನ್ನೊಂದು ಬೀಜ.

ನಮ್ಮ ಪಟಾನ್‌ಚೆರುವಿನಲ್ಲೇ ಹೆದ್ದಾರಿಯ ಪಕ್ಕ ಇಕ್ರಿಸ್ಯಾಟ್ ಇದೆ, ಒಣಸೀಮೆಯ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ, 1972ರದು. ಅಲ್ಲಿನ ಬೀಜಭಂಡಾರದಲ್ಲಿ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ, ಕಿರುಧಾನ್ಯಗಳ 1.2 ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. ನಡುಗಾಲಕ್ಕೆ 4 ಡಿಗ್ರಿ, ದೀರ್ಘಕಾಲಕ್ಕೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ತಮ್ಮ ಬೀಜ ಕಳಕೊಂಡ ಆಫ್ರಿಕದ ದೇಶಗಳಿಗೆ ಅವರದೇ ಬೀಜ ಇಲ್ಲಿಂದ ಮರಳಿ ಹೋಗಿದೆ. ಇದೇ ರಸ್ತೆಯಲ್ಲಿ ಮುಂದೆ ಹೋದರೆ ಜಹೀರಾಬಾದು. ಹತ್ತಿರದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ. ಅದರ ಸಂಘಗಳ ಹೆಂಗಸರು, ಹೆಚ್ಚಿನವರು ದಲಿತರು, ಬುಟ್ಟಿಗಳಲ್ಲಿ ಬೂದಿ, ಬೇವಿನೆಲೆ ಬೆರೆಸಿ, ಬಾಯಿಗೆ ಮಣ್ಣು ಮೆತ್ತಿ ಬೀಜ ಇಡುತ್ತಾರೆ. ಒಯ್ದವರು ಸುಗ್ಗಿಯಲ್ಲಿ ಹೆಚ್ಚಿಗೆ ಸೇರಿಸಿ ಬೀಜವನ್ನೇ ಮರಳಿಸಬೇಕು. ಇದೂ ಸವಾಯಿಯೇ ಅಲ್ಲವೆ ಎಂದು ನೀವು ಕೇಳಬಹುದು. ಅಲ್ಲ. ಆ ಹೆಚ್ಚಿಗೆ ಒಬ್ಬ ಗೌಡನ ಹಗೇವಿಗೆ ಹೋಗುವುದಿಲ್ಲ, ಮತ್ತೊಬ್ಬಳ ಹೊಲಕ್ಕೆ ಹೋಗುತ್ತದೆ.

ಬೀಜ ಕಾಯುವುದು ಸುಲಭವಲ್ಲ. 1941ರಿಂದ 44ರ ತನಕ ಲೆನಿನ್‌ಗ್ರಾಡಿಗೆ ಮುತ್ತಿಗೆ ಬಿದ್ದಾಗ, ವಾವಿಲೋವ್ ಕಟ್ಟಿದ ಬೀಜ ಸಂಸ್ಥೆಯ ಹಲವು ವಿಜ್ಞಾನಿಗಳು ಅಕ್ಕಿ, ಶೇಂಗಾ, ಗೋಧಿಯ ಚೀಲಗಳ ನಡುವೆ ಕೂತೇ ಹಸಿವಿನಿಂದ ಸತ್ತರು; ಕಾಳು ಮುಟ್ಟಲಿಲ್ಲ. ವಾವಿಲೋವ್ 1943ರಲ್ಲಿ ಸರಾಟೋವಿನ ಜೈಲಿನಲ್ಲಿ ಸತ್ತ. ಅಷ್ಟು ಧೈರ್ಯ ನನ್ನಲ್ಲಿಲ್ಲ. ಆದರೆ ಒಂದು ಲೆಕ್ಕ ನಿಮಗೂ ನನಗೂ ಸಾಕು: ಬೀಜದ ತೇವ ನೂರಕ್ಕೆ ಒಂದು ಪಾಲು ಇಳಿದರೆ ಅದರ ಆಯುಷ್ಯ ಇಮ್ಮಡಿ, ಇಟ್ಟ ಜಾಗದ ಸೆಕೆ 5 ಡಿಗ್ರಿ ಇಳಿದರೆ ಮತ್ತೆ ಇಮ್ಮಡಿ. ಪೇಟೆಯ ಹೈಬ್ರಿಡ್ ಪೊಟ್ಟಣ ಇಡಬೇಡಿ. ಅದರ ಕಾಳು ಮರುವರ್ಷ ಬಿತ್ತಿದರೆ ಮೊದಲಿನ ಬೆಳೆ ಬರುವುದಿಲ್ಲ. ಊರ ಜೋಳ, ಊರ ತೊಗರಿ, ಬದನೆ, ಮೆಣಸಿನಕಾಯಿ, ಸೋರೆ. ಒಂದೊಂದು ಹಿಡಿ ಸಾಕು.

ಈಗ ನನ್ನ ಕೋಣೆಯಲ್ಲಿ 20 ಕಿಲೋ ಜೋಳ, 8 ಕಿಲೋ ಉಪ್ಪು, 5 ಕಿಲೋ ಸಕ್ಕರೆ, ಬೇಳೆ, ಸಾಬೂನು, ಸೂಜಿದಾರದ ತಂಬಿಗೆ, ಬೀಜದ ಆರು ಬಾಟಲಿ, ಊರಿಂದ ತಂದ ಒಂದು ಹಿತ್ತಾಳೆ ಸೇರು ಇದೆ. ಕೂದಲು ಕತ್ತರಿಸುವುದನ್ನು ಆ ಹುಡುಗನ ಹತ್ತಿರ ಕಲಿಯುತ್ತಿದ್ದೇನೆ; ಇಬ್ಬರು ಗೆಳೆಯರ ತಲೆ ಹಾಳಾಗಿದೆ. ಪ್ರತಿ ಡಬ್ಬದ ಮೇಲೆ ತಾರೀಖು ಬರೆದು ಅಂಟಿಸಿದ್ದೇನೆ, ಹಳೆಯದನ್ನು ಮೊದಲು ಉಂಡು ಹೊಸದನ್ನು ಹಿಂದೆ ಇಡುತ್ತೇನೆ. ರೋಹಿಣಿ ಮಳೆಗೆ ಮೊದಲು ಜೋಳವನ್ನು ಒಮ್ಮೆ ಮಾಳಿಗೆಯ ಮೇಲೆ ಹರವಬೇಕು.