ಮೊದಲ ಕುಮಿತೆಗೆ ಮೈ ಸಜ್ಜಾಗುವ ಬಗೆ

ಕರಾಟೆ ತರಗತಿಯಲ್ಲಿ ಗಂಟೆಗಟ್ಟಲೆ ಪಂಚ್, ಕಿಕ್ ಹೊಡೆದರೂ ದಣಿಯದ ಹುಡುಗಿ ಜಿಲ್ಲಾ ಮಟ್ಟದ ಮೊದಲ ಕುಮಿತೆಯಲ್ಲಿ, ಅಂದರೆ ಎದುರಾಳಿಯೊಂದಿಗಿನ ಪಂದ್ಯದಲ್ಲಿ, ಅರ್ಧ ನಿಮಿಷಕ್ಕೇ ಏದುಸಿರು ಬಿಡತೊಡಗುತ್ತಾಳೆ. ಕೈ ಭಾರವಾಗುತ್ತದೆ, ಕಾಲು ಮೇಲೇಳುವುದಿಲ್ಲ. ವರ್ಷಗಟ್ಟಲೆ ತಿದ್ದಿ ತೀಡಿದ ಮವಾಶಿ ಗೆರಿ ಎಂಬ ಸುತ್ತು ಒದೆತ ಆ ಹೊತ್ತಿಗೆ ನೆನಪಿಗೇ ಬರುವುದಿಲ್ಲ. ಗ್ಯಾಲರಿಯಲ್ಲಿ ಕೂತ ಅಪ್ಪ ಅಮ್ಮನಿಗೆ, ಇನ್ನಷ್ಟು ಅಭ್ಯಾಸ ಮಾಡಿಸಬೇಕಿತ್ತು ಅನ್ನಿಸುತ್ತದೆ. ಎಷ್ಟೋ ಸಲ ಅಭ್ಯಾಸಕ್ಕೆ ಯಾವ ಕೊರತೆಯೂ ಇರುವುದಿಲ್ಲ. ಆದರೆ ಪಂದ್ಯದ ಹೊತ್ತಿನ ಮೈಯೇ ಬೇರೆ, ತರಗತಿಯ ಮೈಯೇ ಬೇರೆ. ಆ ಇನ್ನೊಂದು ಮೈಯ ಪರಿಚಯವನ್ನು ಮೊದಲೇ ಮಾಡಿಕೊಳ್ಳುವುದು ಮೊದಲ ಪಂದ್ಯಾವಳಿಯ ನಿಜವಾದ ತಯಾರಿ.

ಹೆಸರು ಕೂಗಿದಾಗ ಒಳಗೇನಾಗುತ್ತದೆ?

ಮೈಕಿನಲ್ಲಿ ಹೆಸರು ಕೇಳಿದ ಕೂಡಲೇ ಮೆದುಳು ಅಪಾಯದ ಸೂಚನೆ ಕೊಡುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಸುರಿಸುತ್ತವೆ. ಒಂದು ಹೆಜ್ಜೆಯನ್ನೂ ಇಡುವ ಮೊದಲೇ ಎದೆಬಡಿತ ಏರುತ್ತದೆ. ಯಕೃತ್ತು ಸಕ್ಕರೆಯನ್ನು ಬಿಡುಗಡೆ ಮಾಡುತ್ತದೆ. ಹೊಟ್ಟೆಯ ಕಡೆಗೆ ಹರಿಯುವ ರಕ್ತ ಕಡಿಮೆಯಾಗಿ ತಳಮಳ ಶುರುವಾಗುತ್ತದೆ, ಅಂಗೈ ಬೆವರುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಆಡತೊಡಗುತ್ತದೆ.

ಇವೆಲ್ಲ ಮೈಯನ್ನು ಕಾಪಾಡಲೆಂದೇ ಇರುವ ಏರ್ಪಾಡು. ಆದರೆ ಇದರ ಜೊತೆಗೆ ಒಂದು ತೊಂದರೆಯೂ ಬರುತ್ತದೆ. ಪಂಚ್ ಹೊಡೆಯುವಾಗ ತೋಳನ್ನು ಚಾಚುವ ಸ್ನಾಯು ಬಿಗಿಯಾಗಬೇಕು, ಮಡಿಸುವ ಸ್ನಾಯು ಸಡಿಲವಾಗಬೇಕು. ಗಾಬರಿಯಲ್ಲಿ ಎರಡೂ ಒಟ್ಟಿಗೆ ಬಿಗಿಯುತ್ತವೆ. ಒಂದು ಸ್ನಾಯು ತಳ್ಳುತ್ತಿರುವಾಗ ಇನ್ನೊಂದು ಹಿಂದಕ್ಕೆಳೆಯುವುದರಿಂದ ಪಂಚ್ ನಿಧಾನವಾಗುತ್ತದೆ, ಶಕ್ತಿ ಎರಡರಷ್ಟು ಖರ್ಚಾದಂತೆ ತೋಳು ಸೋಲುತ್ತದೆ. ಭುಜ ಸಡಿಲ ಬಿಡು ಎಂದು ಗುರುಗಳು ಮತ್ತೆ ಮತ್ತೆ ಕೂಗುವುದರ ಹಿಂದೆ ಇರುವ ಶರೀರಶಾಸ್ತ್ರ ಇದೇ.

ಹಾಗಾದರೆ ಭಯವನ್ನು ಪೂರ್ತಿ ಇಲ್ಲವಾಗಿಸಬೇಕೆ? ಬೇಕಿಲ್ಲ. ಅಮೆರಿಕದ ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ 1908ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಕಷ್ಟದ ಪಾಠವನ್ನು ಇಲಿಗಳು ಬೇಗ ಕಲಿತದ್ದು ಪ್ರಚೋದನೆ ತೀರಾ ಕಡಿಮೆಯೂ ತೀರಾ ಹೆಚ್ಚೂ ಅಲ್ಲದಿದ್ದಾಗ. ಹಾರ್ವರ್ಡ್‌ನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಇನ್ನೊಂದು ವಿಷಯ ತೋರಿಸಿದರು. ಹಾಡುವ, ಭಾಷಣ ಮಾಡುವ, ಲೆಕ್ಕ ಬಿಡಿಸುವ ಮೊದಲು ಕಳವಳಗೊಂಡಿದ್ದವರಲ್ಲಿ, "ಶಾಂತವಾಗಿದ್ದೇನೆ" ಎಂದುಕೊಂಡವರಿಗಿಂತ "ಉತ್ಸಾಹದಲ್ಲಿದ್ದೇನೆ" ಎಂದುಕೊಂಡವರು ಚೆನ್ನಾಗಿ ಮಾಡಿದರು. ಏರಿದ ಎದೆಬಡಿತವನ್ನು ಇಳಿಸುವುದು ಕಷ್ಟ. ಅದಕ್ಕೆ ಬೇರೆ ಅರ್ಥ ಕೊಡುವುದು ಸುಲಭ. ಮಗುವಿಗೆ "ಹೆದರಬೇಡ" ಎನ್ನುವುದಕ್ಕಿಂತ "ಮೈ ತಯಾರಾಗುತ್ತಿದೆ" ಎನ್ನುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ, ಮತ್ತು ಅದು ನಿಜವೂ ಹೌದು.

ಉಸಿರಿನ ಲೆಕ್ಕ

ವಿಶ್ವ ಕರಾಟೆ ಫೆಡರೇಷನ್ನಿನ ನಿಯಮದಂತೆ ಹಿರಿಯರ ಕುಮಿತೆ ಪಂದ್ಯ 3 ನಿಮಿಷದ್ದು, ಕಿರಿಯರದು ಇನ್ನೂ ಚಿಕ್ಕದು. ಇಷ್ಟು ಚಿಕ್ಕ, ಇಷ್ಟು ಬಿರುಸಿನ ಆಟಕ್ಕೆ ಓಟದ ಅಭ್ಯಾಸ ಏಕೆಂದು ಹಲವರು ಕೇಳುತ್ತಾರೆ. ಜರ್ಮನಿಯ ರಾಲ್ಫ್ ಬೆನೆಕೆ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಕುಮಿತೆಯಲ್ಲಿ ಖರ್ಚಾದ ಶಕ್ತಿಯಲ್ಲಿ ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಬಂದದ್ದು ಆಮ್ಲಜನಕ ಬಳಸುವ ದಾರಿಯಿಂದ.

ಇದು ಹೇಗೆ ಸಾಧ್ಯ? ದಾಳಿ ಮುಗಿಯುವುದು ಒಂದೆರಡು ಸೆಕೆಂಡುಗಳಲ್ಲಿ. ಅದಕ್ಕೆ ಬೇಕಾದ ಶಕ್ತಿ ಸ್ನಾಯುಗಳಲ್ಲಿ ಕೂಡಿಟ್ಟ ಕ್ರಿಯೇಟಿನ್ ಫಾಸ್ಫೇಟಿನಿಂದ ಸಿಗುತ್ತದೆ. ಆ ದಾಸ್ತಾನು ಬೇಗ ಖಾಲಿಯಾಗುತ್ತದೆ. ಎದುರಾಳಿಯ ಸುತ್ತ ಪುಟಿಯುತ್ತ ಸಮಯ ಕಾಯುವಾಗ, ರೆಫರಿ "ಯಾಮೆ" ಎಂದು ತಡೆದಾಗ, ಒಂದು ಪಂದ್ಯಕ್ಕೂ ಇನ್ನೊಂದಕ್ಕೂ ನಡುವೆ ಅದನ್ನು ಮತ್ತೆ ತುಂಬುವುದು ಆಮ್ಲಜನಕ. ಆದ್ದರಿಂದ ಪಂದ್ಯಾವಳಿಗೆ ಕೆಲವು ವಾರ ಇರುವಾಗಲೇ ಓಟ, ಸ್ಕಿಪ್ಪಿಂಗಿನಿಂದ ದಮ್ಮು ಕಟ್ಟಿಕೊಳ್ಳಬೇಕು. ಆಮೇಲೆ ಪಂದ್ಯದ ಲಯವನ್ನೇ ಅನುಕರಿಸುವ ಅಭ್ಯಾಸ ಬೇಕು: ಕೆಲವು ಸೆಕೆಂಡು ಸರ್ವಶಕ್ತಿಯ ದಾಳಿ, ತುಸು ಹೊತ್ತು ಹಗುರ ಹೆಜ್ಜೆ, ಮತ್ತೆ ದಾಳಿ. ಮೊದಲ ಸಲ ಆಡುವವರು ದಾಳಿಯ ಹೊತ್ತಿಗೆ ಉಸಿರನ್ನೇ ಹಿಡಿದುಬಿಡುತ್ತಾರೆ. ಗಟ್ಟಿಯಾಗಿ ಕಿಯಾಯ್ ಕೂಗಿದರೆ ಉಸಿರು ತಾನಾಗಿ ಹೊರಬರುತ್ತದೆ.

ಕಣ್ಣು ಎಲ್ಲಿರಬೇಕು?

ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಸುಮಾರು 200 ಮಿಲಿಸೆಕೆಂಡು ಬೇಕು. ಹತ್ತಿರದಿಂದ ಬರುವ ಪಂಚ್ ಅಷ್ಟರಲ್ಲಿ ತಲುಪಿಯೇ ಬಿಡಬಹುದು. ಹಾಗಿದ್ದರೆ ನುರಿತವರು ತಪ್ಪಿಸಿಕೊಳ್ಳುವುದು ಹೇಗೆ? ಜಪಾನಿನ ಶುಜಿ ಮೋರಿ ಮತ್ತು ಸಂಗಡಿಗರು 2002ರಲ್ಲಿ ಕರಾಟೆ ಪಟುಗಳನ್ನೂ ಹೊಸಬರನ್ನೂ ಹೋಲಿಸಿ ನೋಡಿದರು. ಬೆಳಗುವ ಚುಕ್ಕಿಯನ್ನು ಕಂಡೊಡನೆ ಗುಂಡಿ ಒತ್ತುವಂಥ ಸರಳ ಕೆಲಸದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಎದುರಾಳಿಯ ದಾಳಿಯ ವಿಡಿಯೊ ತೋರಿಸಿ, ಅದು ಎಲ್ಲಿಗೆ ಬರುತ್ತಿದೆ ಎಂದು ಕೇಳಿದಾಗ ಪಟುಗಳು ಸ್ಪಷ್ಟವಾಗಿ ಮುಂದಿದ್ದರು. ಅವರ ನರಗಳ ವೇಗವೇನೂ ವಿಶೇಷವಾದದ್ದಲ್ಲ. ಭುಜ, ಸೊಂಟಗಳ ಸಣ್ಣ ಚಲನೆಯಿಂದ ಮುಂದಿನದನ್ನು ಊಹಿಸಲು ಅವರು ಕಲಿತಿದ್ದಾರೆ.

ಅನುಭವಿಗಳ ನೋಟ ಹೆಚ್ಚಾಗಿ ಎದುರಾಳಿಯ ತಲೆ ಮತ್ತು ಎದೆಯ ಸುತ್ತ ನಿಲ್ಲುತ್ತದೆಂದೂ, ಆತಂಕ ಹೆಚ್ಚಿದಾಗ ನೋಟ ಅತ್ತಿತ್ತ ಅಲೆಯುತ್ತದೆಂದೂ 1999ರ ಇನ್ನೊಂದು ಕರಾಟೆ ಅಧ್ಯಯನ ತೋರಿಸಿತು. ಪಾದ ನೋಡಿ, ಕೈ ನೋಡಿ ಗೊಂದಲಕ್ಕೆ ಬೀಳುವ ಬದಲು ಎದೆಯ ಮೇಲ್ಭಾಗದಲ್ಲಿ ನೋಟ ನೆಟ್ಟರೆ, ಕಣ್ಣಂಚಿನಲ್ಲಿ ಕೈಕಾಲುಗಳೂ ಕಾಣುತ್ತವೆ.

ಇದಕ್ಕೆ ಸೇರಿದ ಮತ್ತೊಂದು ನಿಯಮವನ್ನು ವಿಲಿಯಂ ಹಿಕ್ 1952ರಲ್ಲಿ ವಿವರಿಸಿದರು: ಆಯ್ಕೆಗಳು ಹೆಚ್ಚಿದಷ್ಟೂ ಪ್ರತಿಕ್ರಿಯೆ ನಿಧಾನವಾಗುತ್ತದೆ. ಬಲ್ಲ ಹತ್ತಾರು ವರಸೆಗಳನ್ನೆಲ್ಲ ಮೊದಲ ಪಂದ್ಯಕ್ಕೆ ಹೊತ್ತೊಯ್ಯುವುದು ಬೇಡ. ಎರಡು ದಾಳಿ, ಒಂದು ಪ್ರತಿದಾಳಿ ಸಾಕು. ಕಿಜಾಮಿ ಜುಕಿ, ಗ್ಯಾಕು ಜುಕಿಗಳಂಥ ಸರಳ ಪಂಚ್‌ಗಳು ಒಂದೊಂದೇ ಅಂಕ ಕೊಟ್ಟರೂ, ಗಾಬರಿಯ ನಡುವೆ ಕೈಗೆ ಸಿಗುವುದು ಅವೇ.

ಒತ್ತಡವನ್ನೂ ಅಭ್ಯಾಸ ಮಾಡಬೇಕು

ನೆದರ್ಲೆಂಡ್ಸ್‌ನ ಪೊಲೀಸರ ಮೇಲೆ ನಡೆದ ಪ್ರಯೋಗವೊಂದು 2008ರಲ್ಲಿ ಪ್ರಕಟವಾಯಿತು. ಒಂದು ಗುಂಪು ರಟ್ಟಿನ ಗುರಿಗೆ ಗುಂಡು ಹೊಡೆದು ಅಭ್ಯಾಸ ಮಾಡಿತು. ಇನ್ನೊಂದು ಗುಂಪಿನ ಎದುರಿಗೆ ಬಣ್ಣದ ಸಾಬೂನಿನ ಗುಂಡನ್ನು ತಿರುಗಿ ಹೊಡೆಯುವ ಮನುಷ್ಯರಿದ್ದರು. ಕೊನೆಗೆ ಒತ್ತಡದ ಪರೀಕ್ಷೆಯಲ್ಲಿ ಮೊದಲ ಗುಂಪಿನ ಗುರಿ ಕೆಟ್ಟಿತು, ಎರಡನೆಯದು ಗುರಿ ಉಳಿಸಿಕೊಂಡಿತು.

ಕರಾಟೆ ಶಾಲೆಗಳು ಇದರಿಂದ ಕಲಿಯಬೇಕಾದದ್ದು ಬಹಳ ಇದೆ. ಗಾಳಿಗೆ ಪಂಚ್ ಹೊಡೆಯುವುದು, ಪರಿಚಿತ ಗೆಳತಿಯೊಂದಿಗೆ ಮೆತ್ತಗೆ ಆಡುವುದು ಇವೆರಡೇ ಸಾಲವು. ಬೇರೆ ಶಾಲೆಯ ಮಕ್ಕಳನ್ನು ಕರೆಸಿ ಆಡಿಸಿ. ಉದ್ದ ಕಾಲಿನವರು, ಕುಳ್ಳಗಿನವರು, ಎಡಗಾಲು ಹಿಂದಿಟ್ಟು ನಿಲ್ಲುವವರು, ಎಲ್ಲರ ಎದುರೂ ನಿಲ್ಲಿಸಿ. ಕೆಂಪು, ನೀಲಿ ಬೆಲ್ಟ್ ಕಟ್ಟಿಸಿ, ಆಟ ಶುರುಮಾಡುವ "ಹಾಜಿಮೆ" ಹೇಳಲು ಅಪರಿಚಿತರನ್ನು ನಿಲ್ಲಿಸಿ, ಸುತ್ತ ಗಲಾಟೆ ಮಾಡಿಸಿ, ಅಂಕ ಬರೆಯಿರಿ. ಸೋತರೆ ಇನ್ನೊಂದು ಸಲ ಅವಕಾಶ ಕೊಡಬೇಡಿ, ಪಂದ್ಯದಲ್ಲೂ ಅದು ಸಿಗುವುದಿಲ್ಲ.

ತೂಕ, ಊಟ, ಕಾಯುವಿಕೆ

ಕೊನೆಯ ವಾರದಲ್ಲಿ ಅತಿ ಅಪಾಯಕಾರಿಯಾದದ್ದು ತೂಕ ಇಳಿಸುವ ಚಪಲ. ಕೆಳಗಿನ ತೂಕದ ವಿಭಾಗಕ್ಕೆ ಸೇರಲು ನೀರು ಬಿಡುವುದು, ದಪ್ಪ ಬಟ್ಟೆ ತೊಟ್ಟು ಓಡುವುದು ನಮ್ಮಲ್ಲೂ ನಡೆಯುತ್ತದೆ. ಅಮೆರಿಕದಲ್ಲಿ 1997ರ ಕೊನೆಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಸತ್ತರು. ಆಮೇಲೆ ಅಲ್ಲಿನ ನಿಯಮಗಳೇ ಬದಲಾದವು. ಮೈಯ ತೂಕದ ಶೇ 2ರಷ್ಟು ನೀರು ಕಳೆದುಕೊಂಡರೂ ಸಾಮರ್ಥ್ಯ ಕುಂದತೊಡಗುತ್ತದೆ. ಬೆಳೆಯುವ ಮಕ್ಕಳನ್ನು ಇದಕ್ಕೆ ಒಡ್ಡುವುದು ಅಕ್ಷಮ್ಯ. ಮೊದಲ ಪಂದ್ಯಾವಳಿಯನ್ನು ಇದ್ದ ತೂಕದಲ್ಲೇ ಆಡಬೇಕು.

ಹಿಂದಿನ ರಾತ್ರಿ ನಿದ್ದೆ ಬರದಿದ್ದರೆ ಗಾಬರಿ ಬೇಡ. ಒಂದು ರಾತ್ರಿಯ ಕೊರತೆಗಿಂತ ಇಡೀ ವಾರದ ನಿದ್ದೆ ಮುಖ್ಯ. ಬೆಳಗ್ಗೆ ಇಡ್ಲಿ, ಅವಲಕ್ಕಿಯಂಥ ರೂಢಿಯ, ಎಣ್ಣೆ ಕಡಿಮೆಯ ತಿಂಡಿ ಪಂದ್ಯಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿದಿರಲಿ. ನಡುವೆ ಬಾಳೆಹಣ್ಣು, ಗುಟುಕು ಗುಟುಕಾಗಿ ನೀರು.

ಬೆಳಗ್ಗೆ ಹತ್ತಕ್ಕೆಂದ ಪಂದ್ಯ ಮಧ್ಯಾಹ್ನ ಎರಡಾದರೂ ಶುರುವಾಗದಿರಬಹುದು. ಒಮ್ಮೆ ವಾರ್ಮ್ ಅಪ್ ಮಾಡಿ ಕೂತುಬಿಟ್ಟರೆ ಸ್ನಾಯು ತಣ್ಣಗಾಗುತ್ತದೆ. ಸರದಿ ಹತ್ತಿರ ಬಂದಾಗ ಮತ್ತೆ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಬೇಕು. ಒಂದೇ ಭಂಗಿಯಲ್ಲಿ ನಿಮಿಷಗಟ್ಟಲೆ ಕಾಲು ಚಾಚಿ ಹಿಡಿಯುವುದು ಆಗ ಬೇಡ, ಅದು ಸ್ನಾಯುವಿನ ಬಲವನ್ನು ತಾತ್ಕಾಲಿಕವಾಗಿ ಕುಗ್ಗಿಸುತ್ತದೆ. ಹಗುರ ಜಿಗಿತ, ಹೆಜ್ಜೆ, ವೇಗದ ಪಂಚ್ ಸಾಕು. ನಿಂತಲ್ಲೇ ಉಸಿರನ್ನು ಒಳಗೆಳೆದುದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ವೇಗಸ್ ನರದ ಮೂಲಕ ಎದೆಬಡಿತ ತುಸು ತಗ್ಗುತ್ತದೆ.

ತಲೆಗೆ ಪೆಟ್ಟಾದರೆ

ಕುಮಿತೆಯಲ್ಲಿ ಅತಿಯಾದ ಹೊಡೆತಕ್ಕೆ ದಂಡವಿದೆ. ಆದರೂ ಅಪಘಾತ ಆಗಬಹುದು. ಮೌತ್ ಗಾರ್ಡ್ ಹಲ್ಲನ್ನು ಕಾಯುತ್ತದೆ, ತಲೆಬುರುಡೆಯೊಳಗೆ ಮೆದುಳು ಅಲುಗುವುದನ್ನು ತಡೆಯಲಾರದು. ಪೆಟ್ಟಿನ ನಂತರ ತಲೆಸುತ್ತು, ವಾಕರಿಕೆ, ಮಂಜಾದ ನೋಟ, ಗೊಂದಲ ಇವುಗಳಲ್ಲಿ ಒಂದು ಕಂಡರೂ ಆ ದಿನದ ಆಟ ಮುಗಿಯಿತು, ವೈದ್ಯರನ್ನು ಕಾಣಬೇಕು. ಪದಕ ಎಷ್ಟೇ ಹತ್ತಿರವಿರಲಿ, ಈ ತೀರ್ಮಾನವನ್ನು ಮಗುವಿನ ಧೈರ್ಯಕ್ಕೆ ಬಿಡಬಾರದು. ಅದು ಗುರುಗಳ ಮತ್ತು ಪೋಷಕರ ಹೊಣೆ.

ಹದಿನಾರು ಜನರ ನಾಕೌಟ್ ಪಂದ್ಯಾವಳಿಯಲ್ಲಿ ಮೊದಲ ಸುತ್ತಿಗೇ ಎಂಟು ಮಂದಿ ಮನೆಗೆ ಹೋಗುತ್ತಾರೆ. ಚಿನ್ನ ಒಬ್ಬರಿಗೇ. ಹಾಗಾಗಿ ಮೊದಲ ಸಲದ ಗುರಿ ಪದಕವಾದರೆ ಬಹುಪಾಲು ಮಕ್ಕಳಿಗೆ ನಿರಾಸೆ ಖಚಿತ. ಉಸಿರು ಹಿಡಿಯದೆ ಆಡಿದೆನೆ, ನೋಟ ಎದೆಯ ಮೇಲಿತ್ತೆ, ಕಲಿತ ಮೂರು ವರಸೆಗಳಲ್ಲಿ ಒಂದಾದರೂ ಹೊರಬಂತೆ ಎಂಬುದನ್ನು ಗುರಿಯಾಗಿಸಿಕೊಂಡರೆ ಸೋತವರಿಗೂ ಲೆಕ್ಕ ಸಿಗುತ್ತದೆ. ಸೋತರೂ ಸಿಗುವ ಇನ್ನೊಂದು ಗಳಿಕೆ ಇದೆ. ನಾರ್ವೆಯ ಪ್ಯಾರಾಚೂಟ್ ತರಬೇತಿಯ ಸೈನಿಕರನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದವರು, ತರಬೇತಿ ಗೋಪುರದಿಂದ ಹಾರಿದ ಮೊದಲ ಜಿಗಿತದಲ್ಲಿ ಬಹಳ ಏರಿದ್ದ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಮುಂದಿನ ಜಿಗಿತಗಳಲ್ಲಿ ಥಟ್ಟನೆ ಇಳಿದುದನ್ನು ಕಂಡರು. ಗೋಪುರದ ಎತ್ತರ ಬದಲಾಗಿರಲಿಲ್ಲ, ಮೈಗೆ ಅದರ ಪರಿಚಯವಾಗಿತ್ತು. ಮೊದಲ ಪಂದ್ಯಾವಳಿ ಕೊಡುವ ದೊಡ್ಡ ಲಾಭ ಈ ಪರಿಚಯವೇ. ಎರಡನೆಯದಕ್ಕೆ ಹೆಸರು ಕೊಟ್ಟವರಿಗೆ ಮಾತ್ರ ಅದು ದಕ್ಕುತ್ತದೆ. ಆದ್ದರಿಂದ ಫಲಿತಾಂಶ ಏನೇ ಬಂದರೂ, ಮುಂದಿನ ಪಂದ್ಯಾವಳಿಗೆ ಹೆಸರು ಬರೆಸಿ.