ಪಾಲಿಕೆಯ ಪರಿಸರ ಸೂಚನೆಗೊಂದು ಗುರುತು

ಮಾತು ಬಾರದ ಊರಿನಲ್ಲಿ ಕಣ್ಣಿಗೆ ಕಾಣುವ ಗುರುತೇ ಮೊದಲ ದುಭಾಷಿ. ಮುಂಬಯಿಯ ಮರಾಠಿ, ಚೆನ್ನೈನ ತಮಿಳು, ಹೈದರಾಬಾದಿನ ತೆಲುಗು, ದೆಹಲಿಯ ಹಿಂದಿ ಫಲಕಗಳ ನಡುವೆ ಬಾಳುವ ಕನ್ನಡಿಗನು ಕಾಲಕ್ರಮದಲ್ಲಿ ಆಯಾ ಲಿಪಿಯನ್ನು ಕಲಿತುಕೊಳ್ಳುತ್ತಾನೆ. ಆದರೆ ಮಗನ ಮನೆಗೆಂದು ಊರಿನಿಂದ ಬಂದ ವೃದ್ಧ ತಾಯಿಗಾಗಲಿ, ಕೆಲಸವನ್ನರಸಿ ನಿನ್ನೆಯಷ್ಟೇ ರೈಲಿಳಿದ ತರುಣನಿಗಾಗಲಿ ಅಷ್ಟು ಕಾಲಾವಕಾಶವಿರುವುದಿಲ್ಲ. ನೀರು ಕಾಯಿಸಿ ಕುಡಿಯಬೇಕು, ಬಿಸಿಲಿಗೆ ಹೊರಡಬಾರದು, ಗಾಳಿ ಕೆಟ್ಟಿದೆ ಎಂಬ ನಗರಪಾಲಿಕೆಯ ಸೂಚನೆಗಳು ಅವರಿಗೆ ಅಂದೇ ತಿಳಿಯಬೇಕು. ಆದಕಾರಣ ಇಂತಹ ಸೂಚನೆಗಳಿಗೆ ಸರ್ವರೂ ಗುರುತಿಸಬಲ್ಲ ಲಾಂಛನವೊಂದನ್ನು ಆರಿಸುವ ಕಾರ್ಯವು ಆರೋಗ್ಯರಕ್ಷಣೆಯ ಅಂಗವೆಂದೇ ಭಾವಿಸತಕ್ಕದ್ದು.

ಅಹಮದಾಬಾದಿನ ಮೂರು ಬಣ್ಣಗಳು

2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣತೆ 46.8 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಹೆಚ್ಚು ಸಾವುಗಳು ಸಂಭವಿಸಿದುವೆಂದು ಅನಂತರದ ಅಧ್ಯಯನವು ತಿಳಿಸಿತು. ಈ ಆಘಾತದಿಂದ ಎಚ್ಚೆತ್ತ ಅಲ್ಲಿನ ಮಹಾನಗರಪಾಲಿಕೆಯು 2013ರಲ್ಲಿ ಬಿಸಿಲಿನ ಬೇಗೆಯನ್ನೆದುರಿಸುವ ಯೋಜನೆಯೊಂದನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯದಲ್ಲಿ ಇಂತಹ ಯೋಜನೆ ಅದೇ ಮೊದಲನೆಯದು. ಮುನ್ಸೂಚನೆಯ ಉಷ್ಣತೆ 41 ಡಿಗ್ರಿ ಮೀರಿದರೆ ಹಳದಿ, 43 ಮೀರಿದರೆ ಕಿತ್ತಳೆ, 45 ಮುಟ್ಟಿದರೆ ಕೆಂಪು ಎಂದು ಗೊತ್ತುಮಾಡಲಾಯಿತು. ಬಣ್ಣ ಬದಲಾದೊಡನೆ ಆಸ್ಪತ್ರೆಗಳೂ ಪಾಲಿಕೆಯ ಸಿಬ್ಬಂದಿಯೂ ಏನು ಮಾಡಬೇಕೆಂಬುದು ಮೊದಲೇ ನಿಗದಿಯಾಗಿತ್ತು. ಯೋಜನೆ ಜಾರಿಗೆ ಬಂದ ಅನಂತರ ವರ್ಷಕ್ಕೆ ಸರಾಸರಿ 1,190ರಷ್ಟು ಸಾವುಗಳು ತಪ್ಪಿರಬಹುದೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಮೂರು ಬಣ್ಣಗಳ ಹಿಂದೆ ದುಡಿಯುವ ಕೈಗಳಿದ್ದುದರಿಂದಲೇ ಆ ಬಣ್ಣಗಳಿಗೆ ಅರ್ಥ ಬಂದಿತು.

ಆಯ್ಕೆಯ ಒರೆಗಲ್ಲು

ಗುರುತನ್ನು ಆರಿಸುವವರು ತಮ್ಮ ಅಭಿರುಚಿಯನ್ನೇ ನೆಚ್ಚಬಾರದು. ಆಸ್ಪತ್ರೆಯ ಕಸದ ಹಳದಿ ಚೀಲದ ಮೇಲೆ ಕಾಣುವ ಜೈವಿಕ ಅಪಾಯದ ಚಿಹ್ನೆಯನ್ನು 1966ರಲ್ಲಿ ಅಮೆರಿಕದಲ್ಲಿ ರೂಪಿಸಿದಾಗ ಹಲವು ಚಿತ್ರಗಳನ್ನು ಜನಸಾಮಾನ್ಯರಿಗೆ ತೋರಿಸಿ, ಒಂದು ವಾರದ ಅನಂತರ ಯಾವುದು ನೆನಪಿನಲ್ಲಿ ಉಳಿದಿದೆಯೆಂದು ಪರೀಕ್ಷಿಸಲಾಯಿತು. 2007ರಲ್ಲಿ ವಿಕಿರಣದ ಅಪಾಯಕ್ಕೆ ಹೊಸ ಚಿಹ್ನೆಯೊಂದು ಬಂದಾಗಲೂ ಅದನ್ನು ಮೊದಲು 11 ದೇಶಗಳ ಜನರ ಮುಂದಿಟ್ಟು ನೋಡಲಾಗಿತ್ತು. ಹಳೆಯ ಮೂರೆಸಳಿನ ಚಿಹ್ನೆಯ ಅರ್ಥವು ತಿಳಿದವರಿಗೆ ಮಾತ್ರ ಹೊಳೆಯುತ್ತಿದ್ದುದೇ ಇದಕ್ಕೆ ಕಾರಣ.

ಬಣ್ಣವೊಂದನ್ನೇ ನಂಬುವುದೂ ಯುಕ್ತವಲ್ಲ. ಕೆಂಪು ಹಸಿರುಗಳ ಭೇದ ಕಾಣದ ಕಣ್ಣುಗಳು, ಅದರಲ್ಲೂ ಪುರುಷರಲ್ಲಿ, ಅಪರೂಪವಲ್ಲ. ಇಂಥವರ ತೊಡಕನ್ನು ನಿವಾರಿಸುವ ಸಲುವಾಗಿಯೇ ಆಹಾರ ಪೊಟ್ಟಣಗಳ ಮೇಲಿನ ಮಾಂಸಾಹಾರದ ಗುರುತನ್ನು 2020ರ ನಿಯಮಗಳಲ್ಲಿ ದುಂಡು ಬೊಟ್ಟಿನಿಂದ ತ್ರಿಕೋನಕ್ಕೆ ಬದಲಾಯಿಸಲಾಯಿತು. ನಮ್ಮ ದೇಶದಲ್ಲಿ ಇನ್ನೊಂದು ಎಚ್ಚರವೂ ಅಗತ್ಯ. ಪರಿಸರವೆಂದೊಡನೆ ಎಲೆ, ಹೂವು, ಸೂರ್ಯನ ಚಿತ್ರಗಳು ಮನಸ್ಸಿಗೆ ಬರುತ್ತವೆ. ಆದರೆ ಎರಡೆಲೆ, ಕಮಲ, ಉದಯಸೂರ್ಯ ಇವೆಲ್ಲವೂ ಚುನಾವಣಾ ಚಿಹ್ನೆಗಳು. ಪಕ್ಷದ ನೆನಪು ತರುವ ಗುರುತನ್ನು ಊರಿನ ಅರ್ಧ ಜನರು ನಂಬಲಾರರು.

ಮಡಕೆಯ ಪಾಠ

1960ರ ದಶಕದ ಉತ್ತರಾರ್ಧದಿಂದ ಕುಟುಂಬ ಯೋಜನೆಯ ಕೆಳಮುಖ ಕೆಂಪು ತ್ರಿಕೋನವನ್ನು ಅರಿಯದ ಹಳ್ಳಿಯಿರಲಿಲ್ಲ. ಅಕ್ಷರ ಬಾರದವರಿಗೂ ಅದು ಪರಿಚಿತವಾಗಿತ್ತು. ಅದು ಕಂಡೆಡೆ ಸಲಹೆಯೂ ದೊರೆಯುತ್ತಿತ್ತು. 1991ರಲ್ಲಿ ಕೇಂದ್ರ ಸರ್ಕಾರವು ಪರಿಸರಸ್ನೇಹಿ ವಸ್ತುಗಳಿಗಾಗಿ 'ಇಕೋಮಾರ್ಕ್' ಯೋಜನೆಯನ್ನು ಆರಂಭಿಸಿ ಮಣ್ಣಿನ ಮಡಕೆಯನ್ನು ಅದರ ಲಾಂಛನವನ್ನಾಗಿ ಆರಿಸಿತು. ಮಣ್ಣಿನಿಂದ ಹುಟ್ಟಿ ಮಣ್ಣಿಗೇ ಸೇರುವ ಮಡಕೆಗಿಂತ ಅರ್ಥವತ್ತಾದ ಗುರುತು ಸಿಗುವುದು ಕಷ್ಟ. ಆದರೂ ಅದನ್ನು ಪಡೆಯಲು ಮುಂದೆ ಬಂದ ತಯಾರಕರು ಕೆಲವರೇ. ಪೇಟೆಯಲ್ಲಿ ಕಾಣದ ಮಡಕೆ ಜನರ ಮನಸ್ಸಿನಲ್ಲಿಯೂ ನೆಲೆಸಲಿಲ್ಲ. 2024ರಲ್ಲಿ ಸರ್ಕಾರವು ಈ ಯೋಜನೆಗೆ ಹೊಸ ನಿಯಮಗಳನ್ನು ರೂಪಿಸಬೇಕಾಯಿತು. ಲಾಂಛನ ಎಷ್ಟೇ ಸುಂದರವಾಗಿರಲಿ, ಬಳಕೆಯಿಲ್ಲದಿದ್ದರೆ ಅದು ಬರಿಯ ಚಿತ್ರ.

ಕನ್ನಡ ಸಂಘಗಳು ಮಾಡಬಹುದಾದುದು

ಪಾಲಿಕೆಗಳು ನಾಗರಿಕರ ಸಲಹೆಯನ್ನು ಕೇಳಿದಾಗ ಹೊರನಾಡ ಕನ್ನಡಿಗರು ಮೌನವಾಗಿರಬಾರದು. ನೀರು, ಗಾಳಿ, ಕಸ, ಬಿಸಿಲು ಇವೆಲ್ಲಕ್ಕೂ ಒಂದೇ ಗುರುತಿರಲಿ ಎಂದು ಕೇಳಬಹುದು. ಅದು ಒಂದೇ ಬಣ್ಣದಲ್ಲಿ ಮುದ್ರಿಸಿದರೂ, ಮೊಬೈಲಿನ ಕಿರುಪರದೆಯಲ್ಲಿಯೂ ಸ್ಪಷ್ಟವಾಗಿರಬೇಕು. ಯಾವ ಗುರುತನ್ನಾದರೂ ನಕಲು ಮಾಡಬಹುದಾದ್ದರಿಂದ ಅದರೊಡನೆ ದಿನಾಂಕ, ವಾರ್ಡು ಮತ್ತು ವಿಚಾರಿಸಲು ದೂರವಾಣಿ ಸಂಖ್ಯೆ ಇರುವುದು ಅವಶ್ಯ.

ಅಲ್ಲಿಯವರೆಗೆ ಈಗಿರುವ ಗುರುತುಗಳನ್ನಾದರೂ ಮನೆಯವರಿಗೆ ಪರಿಚಯಿಸಬೇಕು. ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ನೀಲಿ ಬುಟ್ಟಿ. 2015ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ವಾಯುಗುಣಮಟ್ಟ ಸೂಚಿಯಲ್ಲಿ ಅಂಕ 200 ದಾಟಿದರೆ ಕಿತ್ತಳೆ, 300 ದಾಟಿದರೆ ಕೆಂಪು, 400 ದಾಟಿದರೆ ಕಡುಗೆಂಪು. ಉಬ್ಬಸವುಳ್ಳವರೂ ಹೃದ್ರೋಗಿಗಳೂ ಅಂತಹ ದಿನಗಳಲ್ಲಿ ಮುಂಜಾನೆಯ ತಿರುಗಾಟವನ್ನು ಬಿಡುವುದು ಕ್ಷೇಮ. ಈ ಗುರುತುಗಳ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆದು ಸಂಘದ ಸೂಚನಾಫಲಕದಲ್ಲಿ ಅಂಟಿಸಿದರೆ, ಊರಿನಿಂದ ಬಂದ ಹಿರಿಯರಿಗೆ ಪರನಗರದ ಗಾಳಿ, ನೀರು, ಬಿಸಿಲಿನ ವರ್ತಮಾನ ತಾಯ್ನುಡಿಯಲ್ಲಿಯೇ ದೊರೆತಂತಾಗುತ್ತದೆ.